ಕಾರನ್ನು ಹಳಿಗೆ ಹತ್ತಿಸಿದವರು: ಕೊಲರಾಡೊದ ‘ಗ್ಯಾಲಪಿಂಗ್ ಗೂಸ್’ ಪ್ರಕರಣ

1931ರ ಜೂನ್ ತಿಂಗಳು. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ರಿಜ್‌ವೇ ಅಂತ ಒಂದು ಪುಟ್ಟ ಊರು. ಅಲ್ಲಿನ ರೈಲ್ವೆ ವರ್ಕ್‌ಶಾಪಿನಿಂದ ಒಂದು ಗಾಡಿ ಹೊರಗೆ ಬಂತು. ಮುಂದಿನಿಂದ ನೋಡಿದರೆ ಬ್ಯೂಯಿಕ್ ಕಾರು. ಹಿಂದಿನಿಂದ ನೋಡಿದರೆ ಸಾಮಾನು ಹೇರುವ ಲಾರಿ. ಬಗ್ಗಿ ನೋಡಿದರೆ ಟೈರೇ ಇಲ್ಲ, ರೈಲಿನ ಕಬ್ಬಿಣದ ಚಕ್ರ! ದಿವಾಳಿ ಎದ್ದಿದ್ದ ರೈಲ್ವೆ ಕಂಪನಿಯೊಂದು ಜೀವ ಉಳಿಸಿಕೊಳ್ಳಲು ಮಾಡಿಕೊಂಡ ಗಾಡಿ ಅದು. ಅದರ ದೆಸೆಯಿಂದ ಆ ಕಂಪನಿ ಇನ್ನೂ ಇಪ್ಪತ್ತು ವರ್ಷ ರೈಲು ಓಡಿಸಿತು.

ಇಂಥ ಗಾಡಿಗಳು ಮುಂದೆ ಇನ್ನೂ ಹಲವು ಬಂದವು. ಜನ ಇವಕ್ಕೆ ಇಟ್ಟ ಹೆಸರು ‘ಗ್ಯಾಲಪಿಂಗ್ ಗೂಸ್’, ಅಂದರೆ ನಾಗಾಲೋಟದ ಹೆಬ್ಬಾತು. ನ್ಯಾರೋಗೇಜ್ ರೈಲುಗಳ ಚರಿತ್ರೆಯಲ್ಲಿ ಚಿತ್ರವಿಚಿತ್ರ ಗಾಡಿಗಳಿಗೆ ಕೊರತೆ ಇಲ್ಲ. ಆದರೆ ನನಗೆ ತುಂಬಾ ಇಷ್ಟವಾದದ್ದು ಇದೇ. ಯಾಕೆ ಅಂದರೆ ಇದನ್ನು ಕಟ್ಟಿದವರ ಹತ್ತಿರ ದುಡ್ಡು ಇರಲಿಲ್ಲ, ದೊಡ್ಡ ಕಾರ್ಖಾನೆಯ ಬೆಂಬಲವೂ ಇರಲಿಲ್ಲ. ಇದ್ದದ್ದು ಹಳೇ ಕಾರು, ಒಂದು ವರ್ಕ್‌ಶಾಪು, ಕೆಲಸ ಬಲ್ಲ ಮೆಕ್ಯಾನಿಕ್‌ಗಳು.

ಲೈನ್ ಹುಟ್ಟಿದ ಬಗೆ

ಕಂಪನಿಯ ಹೆಸರು ರಿಯೊ ಗ್ರಾಂಡೆ ಸದರ್ನ್. ಕಟ್ಟಿಸಿದವರು ಓಟೊ ಮಿಯರ್ಸ್. ಸ್ಯಾನ್ ವಾನ್ ಬೆಟ್ಟಗಳಲ್ಲಿ ಬೆಳ್ಳಿ ಗಣಿಗಳು ಜೋರಾಗಿದ್ದ ಕಾಲ. ಅಲ್ಲಿ ಸುಂಕದ ರಸ್ತೆಗಳನ್ನು ಕಡಿಸಿ ಹೆಸರು ಮಾಡಿದ್ದವರು ಇವರು. ಊರೆ ಮತ್ತು ಸಿಲ್ವರ್ಟನ್ ಅನ್ನೋ ಎರಡು ಗಣಿ ಊರುಗಳ ನಡುವೆ ರಸ್ತೆಯಲ್ಲಿ ಹೋದರೆ ಸುಮಾರು 40 ಕಿಲೋಮೀಟರ್ ಅಷ್ಟೆ. ಸಿಲ್ವರ್ಟನ್ ಕಡೆಯಿಂದ ಹೊರಟ ಅವರ ಇನ್ನೊಂದು ರೈಲು ಐರನ್‌ಟನ್ ತನಕ ಬಂದಿತ್ತು. ಅಲ್ಲಿಂದ ಊರೆಗೆ ಇಳಿಯುವ ಕಣಿವೆ ಮಾತ್ರ ಎಷ್ಟು ಕಡಿದು ಅಂದರೆ, ರೈಲು ಇಳಿಸುವ ಮಾತೇ ಇಲ್ಲ. ಸರಿ, ಮಿಯರ್ಸ್ ಬೆಟ್ಟದ ಇಡೀ ಪಶ್ಚಿಮದ ಮಗ್ಗುಲನ್ನೇ ಬಳಸಿಕೊಂಡು ಹೊಸ ಲೈನ್ ಹಾಕಿಸಿದರು. ರಿಜ್‌ವೇಯಿಂದ ಡುರಾಂಗೊ ತನಕ 162 ಮೈಲಿ, ಅಂದರೆ 260 ಕಿಲೋಮೀಟರ್. ಕೆಲಸ ಶುರುವಾದದ್ದು 1890ರಲ್ಲಿ, ಮುಗಿದದ್ದು 1891ರ ಕೊನೆಗೆ. ಅಂಥ ಬೆಟ್ಟದಲ್ಲಿ ಅಷ್ಟು ಬೇಗ ಹೇಗೆ ಮುಗಿಸಿದರು ಅಂತ ಈಗಲೂ ಆಶ್ಚರ್ಯ ಆಗುತ್ತದೆ.

ಹಳಿಗಳ ನಡುವಿನ ಅಂತರ ಮೂರು ಅಡಿ. ನಮ್ಮ ಬ್ರಾಡ್‌ಗೇಜ್ ಐದೂವರೆ ಅಡಿ. ಬ್ರಾಡ್‌ಗೇಜ್ ಆಗುವ ಮೊದಲು ನಮ್ಮ ಕೋಲಾರ–ಚಿಕ್ಕಬಳ್ಳಾಪುರ ಲೈನ್ ಎರಡೂವರೆ ಅಡಿ ಇತ್ತು. ಬೆಟ್ಟದಲ್ಲಿ ಗೇಜ್ ಕಿರಿದಾದಷ್ಟೂ ಬಿಗಿಯಾದ ತಿರುವು ಹಾಕಬಹುದು, ಬಂಡೆ ಕಡಿಯುವ ಖರ್ಚು ಉಳಿಯುತ್ತದೆ. ಆದರೂ ದಾರಿ ಸಲೀಸಾಗಿರಲಿಲ್ಲ. ಓಫಿರ್ ಅನ್ನೋ ಕಡೆ ಮರದ ಎತ್ತರದ ಸೇತುವೆಗಳ ಮೇಲೆ ಸುತ್ತು ಹೊಡೆದು ಏರಬೇಕಿತ್ತು. ಲಿಝರ್ಡ್ ಹೆಡ್ ಕಣಿವೆದಾರಿಯ ಎತ್ತರ 10,200 ಅಡಿಗೂ ಮೇಲೆ. ನಮ್ಮ ಮುಳ್ಳಯ್ಯನಗಿರಿಯ ಒಂದೂವರೆ ಪಟ್ಟಿಗೂ ಜಾಸ್ತಿ. ಚಳಿಗಾಲದಲ್ಲಿ ಅಲ್ಲಿ ಹಿಮ ಹಳಿಯನ್ನೇ ನುಂಗಿಬಿಡುತ್ತದೆ.

ಲೈನ್ ಮುಗಿದು ಎರಡೇ ವರ್ಷಕ್ಕೆ, 1893ರಲ್ಲಿ, ಅಮೆರಿಕ ಸರ್ಕಾರ ಬೆಳ್ಳಿ ಖರೀದಿಸುವ ಕಾನೂನನ್ನೇ ರದ್ದು ಮಾಡಿತು. ಬೆಳ್ಳಿಯ ಬೆಲೆ ನೆಲ ಕಚ್ಚಿತು. ಗಣಿಗಳು ಮುಚ್ಚಿದವು. ಕಂಪನಿ ಕೋರ್ಟಿನ ಮೇಲ್ವಿಚಾರಣೆಗೆ ಹೋಯಿತು, ಮಿಯರ್ಸ್ ಕೈತಪ್ಪಿತು. ಪಕ್ಕದ ದೊಡ್ಡ ಕಂಪನಿ ಡೆನ್ವರ್ ಅಂಡ್ ರಿಯೊ ಗ್ರಾಂಡೆ ಇದನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡು ಹೇಗೋ ನಡೆಸಿಕೊಂಡು ಬಂತು. 1929ರ ಹೊತ್ತಿಗೆ ಅದಕ್ಕೂ ಸಾಕಾಗಿತ್ತು. ಲೈನ್ ಮತ್ತೆ ಕೋರ್ಟಿನ ಪಾಲಾಯಿತು. ಕೋರ್ಟು ನೇಮಿಸಿದ ಆಡಳಿತಗಾರ ವಿಕ್ಟರ್ ಮಿಲ್ಲರ್.

ಮಿಲ್ಲರ್ ಮುಂದಿದ್ದ ಲೆಕ್ಕ

ಪ್ರಕರಣದ ಗಂಟು ಇರುವುದು ಇಲ್ಲೇ. ದನ, ಕುರಿ, ಮರ, ಅದಿರು ಸಾಗಿಸುವ ಗೂಡ್ಸ್ ರೈಲಿನಿಂದ ಒಂದಿಷ್ಟು ದುಡ್ಡು ಬರುತ್ತಿತ್ತು. ಆದರೆ ಟಪಾಲು ಮತ್ತು ಪ್ರಯಾಣಿಕರ ರೈಲು ಓಡಿಸಿದಷ್ಟೂ ನಷ್ಟ. ಜನ ಬೆರಳೆಣಿಕೆಯಷ್ಟು. ಅಷ್ಟಕ್ಕೆ ಹಬೆ ಎಂಜಿನ್ ಹೊತ್ತಿಸಬೇಕು, ಕಲ್ಲಿದ್ದಲು ಸುಡಬೇಕು, ದಾರಿಯುದ್ದಕ್ಕೂ ನೀರು ತುಂಬಿಸಬೇಕು. ಡ್ರೈವರ್, ಫೈರ್‌ಮನ್, ಕಂಡಕ್ಟರ್, ಬ್ರೇಕ್ ಹಿಡಿಯುವವನು ಅಂತ ಒಂದು ತಂಡಕ್ಕೇ ಸಂಬಳ ಕೊಡಬೇಕು. ನಾಲ್ಕು ಟಪಾಲು ಚೀಲ, ಮೂರು ಮತ್ತೊಂದು ಜನಕ್ಕೆ ಇಷ್ಟೆಲ್ಲ ಅಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ.

ಹಾಗಾದರೆ ಆ ರೈಲನ್ನು ನಿಲ್ಲಿಸಿಬಿಡಬಹುದಿತ್ತಲ್ಲ? ಆಗುವಂತಿರಲಿಲ್ಲ. ಟಪಾಲು ಸಾಗಿಸುವ ಸರ್ಕಾರಿ ಗುತ್ತಿಗೆ ಕಂಪನಿಗೆ ನಂಬಿಕೆಯ ವರಮಾನ. ಟಪಾಲು ಹೋಗುತ್ತಿರಬೇಕು ಅಂದರೆ ಗಾಡಿ ಓಡುತ್ತಿರಬೇಕು. ಕಾರ್ಖಾನೆಯಲ್ಲಿ ಮಾಡಿದ ರೈಲ್‌ಕಾರ್‌ಗಳು, ಅಂದರೆ ಎಂಜಿನ್ನೂ ಡಬ್ಬಿಯೂ ಒಂದೇ ಆಗಿರುವ ಗಾಡಿಗಳು, ಆಗಲೇ ಅಮೆರಿಕದ ಬೇರೆ ಲೈನ್‌ಗಳಲ್ಲಿ ಇದ್ದವು. ಅವನ್ನು ಕೊಳ್ಳೋಣ ಅಂದರೆ ಕೈ ಖಾಲಿ. ಅದೂ ಇಡೀ ದೇಶ ಆರ್ಥಿಕ ಕುಸಿತದಲ್ಲಿ ಸಿಕ್ಕಿಬಿದ್ದಿದ್ದ ಹೊತ್ತು.

ಮಿಲ್ಲರ್ ಮತ್ತು ಸೂಪರಿಂಟೆಂಡೆಂಟ್ ಫಾರೆಸ್ಟ್ ವೈಟ್ ಪ್ರಶ್ನೆಯನ್ನೇ ಬದಲಾಯಿಸಿಕೊಂಡರು ಅಂತ ನನಗೆ ಅನ್ನಿಸುತ್ತದೆ. ‘ರೈಲನ್ನು ಹೇಗೆ ಅಗ್ಗ ಮಾಡೋಣ’ ಅಂತ ಕೂತಿದ್ದರೆ ಸಣ್ಣ ಎಂಜಿನ್, ಕಡಿಮೆ ಡಬ್ಬಿ ಅಂತ ಅಲ್ಲೇ ಸುತ್ತುತ್ತಿದ್ದರು. ದಿನಕ್ಕೆ ನಿಜವಾಗಿ ಸಾಗಿಸಬೇಕಾದದ್ದು ಎಷ್ಟು? ಕೆಲವು ಜನ, ಕೆಲವು ಚೀಲ, ಒಂದಿಷ್ಟು ಪಾರ್ಸೆಲ್. ಒಂದು ಕಾರಿಗೆ ಸ್ವಲ್ಪ ಜಾಸ್ತಿ, ಒಂದು ಲಾರಿಗೆ ಸ್ವಲ್ಪ ಕಡಿಮೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವಲ್ಲ, ಅದೇ. ಕಾರೂ ಲಾರಿಯೂ ಸೇರಿದ ಒಂದು ಗಾಡಿಯನ್ನು ಹಳಿಯ ಮೇಲೆ ಇಡೋಣ ಅಂತ ತೀರ್ಮಾನವಾಯಿತು.

ವರ್ಕ್‌ಶಾಪಿನಲ್ಲಿ

ಕಟ್ಟಿದ್ದು ರಿಜ್‌ವೇ ಶಾಪಿನ ಮುಖ್ಯ ಮೆಕ್ಯಾನಿಕ್ ಜ್ಯಾಕ್ ಓಡನ್‌ಬಾ ಮತ್ತು ಅವರ ಹುಡುಗರು. ಮೊದಲನೆಯ ಗಾಡಿಗೆ ಸಿಕ್ಕಿದ್ದು ಬ್ಯೂಯಿಕ್ ಮಾಸ್ಟರ್ ಸಿಕ್ಸ್, ನಾಲ್ಕು ಬಾಗಿಲಿನ ಸೆಡಾನ್. ಅದರ ಹಿಂಭಾಗ ಕತ್ತರಿಸಿ ತೆಗೆದು ಲಾರಿಯ ಹಾಗೆ ತೆರೆದ ತಳ ಕೂರಿಸಿದರು. ಮುಂದಿನ ಆಕ್ಸಲ್ ತೆಗೆದು ಅಲ್ಲಿ ನಾಲ್ಕು ಚಕ್ರದ ಬೋಗಿ ಹಾಕಿದರು.

ಇಲ್ಲಿ ಒಂದು ಮಾತು. ನಾವು ಸಾಮಾನ್ಯವಾಗಿ ಬೋಗಿ ಅನ್ನುವುದು ರೈಲಿನ ಡಬ್ಬಿಗೆ. ರೈಲ್ವೆ ಕೆಲಸದವರ ಬಾಯಲ್ಲಿ ಬೋಗಿ ಅಂದರೆ ಡಬ್ಬಿಯ ಕೆಳಗೆ ತಾನಾಗಿ ಅತ್ತಿತ್ತ ತಿರುಗುವ ಚಕ್ರಗಳ ಚೌಕಟ್ಟು. ನಾನು ಇಲ್ಲಿ ಹೇಳುತ್ತಿರುವುದು ಎರಡನೆಯದು. ಕಾರಿನ ಮುಂದಿನ ಎರಡು ಚಕ್ರವನ್ನು ಸುಮ್ನೆ ಕಬ್ಬಿಣದ ಚಕ್ರಕ್ಕೆ ಬದಲಾಯಿಸಿದರೆ ಆ ಬಿಗಿ ತಿರುವುಗಳಲ್ಲಿ ಹಳಿ ಬಿಟ್ಟು ಹಾರಿಬಿಡುವ ಭಯ. ಬೋಗಿ ಆದರೆ ತಿರುವಿನ ಜೊತೆ ತಾನೂ ತಿರುಗುತ್ತದೆ, ಭಾರವನ್ನೂ ನಾಲ್ಕು ಚಕ್ರಕ್ಕೆ ಹಂಚುತ್ತದೆ. ಸ್ಟೇರಿಂಗ್‌ಗೆ ಕೆಲಸವೇ ಇಲ್ಲ, ಹಳಿಯೇ ದಾರಿ ತೋರಿಸುತ್ತದೆ.

ಮೊದಲನೆಯದು ಓಡಿತು. ಉಳಿತಾಯ ಕಣ್ಣಿಗೆ ಕಾಣಿಸಿತು. ಅದೇ ವರ್ಷ ಎರಡನೆಯದೂ ಬ್ಯೂಯಿಕ್‌ನಿಂದಲೇ ತಯಾರಾಯಿತು. ಆಮೇಲೆ ಇವರ ಕೈಗೆ ಇನ್ನೂ ದೊಡ್ಡ ಕಾರು ಸಿಕ್ಕಿತು: ಪಿಯರ್ಸ್-ಆರೋ. ಇದು ಶ್ರೀಮಂತರ ಕಾರು. ಮಡ್‌ಗಾರ್ಡಿನಿಂದಲೇ ಮೊಗ್ಗು ಒಡೆದಂತೆ ಎದ್ದ ಹೆಡ್‌ಲೈಟು ಅದರ ಗುರುತು. ಹಳೆಯದಾದ ಮೇಲೆ ಅಂಥ ಕಾರು ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಅದರ ದೊಡ್ಡ ಎಂಜಿನ್, ಗಟ್ಟಿ ಚಾಸಿ ಎಲ್ಲೂ ಹೋಗಿರಲಿಲ್ಲ. ಕೋಟ್ಯಧೀಶರನ್ನು ಕೂರಿಸಿಕೊಂಡು ಓಡಾಡಿದ್ದ ಕಾರುಗಳು ಬೆಟ್ಟದ ಟಪಾಲು ಹೊರಲು ಹಳಿ ಹತ್ತಿದವು.

3, 4, 5 ಮತ್ತು 7ನೇ ನಂಬರಿನವು ನಾವು ಫೋಟೋದಲ್ಲಿ ನೋಡುವ ಅಸಲಿ ಹೆಬ್ಬಾತುಗಳು. ಮುಂದೆ ಕಾರಿನ ಉದ್ದ ಮೂತಿ, ಅದರ ಹಿಂದೆ ಜನ ಕೂರುವ ಜಾಗ, ಅದರ ಹಿಂದೆ ಒಂದು ಇಡೀ ಗೂಡ್ಸ್ ಡಬ್ಬ. ಕೆಳಗೆ ಮೂರು ಬೋಗಿ; ಎಂಜಿನ್ನಿನ ಶಕ್ತಿ ಹೋಗುವುದು ನಡುವಿನದಕ್ಕೆ. ಮುಂದಿನ ಕಾರಿಗೂ ಹಿಂದಿನ ಡಬ್ಬಕ್ಕೂ ನಡುವೆ ಕೀಲು. ತಿರುವಿನಲ್ಲಿ ಗಾಡಿ ಮೊಣಕೈ ಮಡಚಿದಂತೆ ಮಡಚಿಕೊಳ್ಳುತ್ತದೆ. 5ನೆಯದು ಬಂದದ್ದು 1933ರಲ್ಲಿ, 7ನೆಯದು 1936ರಲ್ಲಿ. 6ನೆಯದು ಪ್ರಯಾಣಿಕರಿಗಲ್ಲ, ಹಳಿ ರಿಪೇರಿ ಕೆಲಸಕ್ಕೆ. ಅದಕ್ಕೆ ಬಿಚ್ಚಿಹಾಕಿದ್ದ 1ನೇ ನಂಬರಿನ ಭಾಗಗಳನ್ನೂ ಬಳಸಿಕೊಂಡರು. ಏನನ್ನೂ ಬಿಸಾಡದ ಜನ!

ಕಂಪನಿಯ ಕಾಗದಪತ್ರದಲ್ಲಿ ಇವಕ್ಕೆ ‘ಮೋಟರ್’ ಅನ್ನೋ ಹೆಸರಷ್ಟೇ ಇದ್ದದ್ದು. ಹೆಬ್ಬಾತು ಅನ್ನೋ ಹೆಸರು ಎಲ್ಲಿಂದ ಬಂತು ಅನ್ನುವುದಕ್ಕೆ ಮೂರು ಮಾತಿವೆ. ಒಂದು, ಸವೆದ ಹಳಿಯ ಮೇಲೆ ಬಾತುಕೋಳಿಯಂತೆ ಅತ್ತಿತ್ತ ಓಲಾಡಿಕೊಂಡು ಹೋಗುತ್ತಿತ್ತು. ಎರಡು, ಹಾರ್ನ್ ಹೊಡೆದರೆ ಬಾತು ಕೂಗಿದ ಹಾಗೆ ಕೇಳಿಸುತ್ತಿತ್ತು. ಮೂರನೆಯದು ನನಗೆ ಹೆಚ್ಚು ಇಷ್ಟ. ಏರು ಹತ್ತುವಾಗ ಎಂಜಿನ್ ಕಾಯುತ್ತದೆ. ಗಾಳಿ ಆಡಲಿ ಅಂತ ಬಾನೆಟ್ಟಿನ ಎರಡೂ ಪಕ್ಕದ ಮುಚ್ಚಳಗಳನ್ನು ಮೇಲಕ್ಕೆತ್ತಿ ನಿಲ್ಲಿಸುತ್ತಿದ್ದರು. ದೂರದಿಂದ ನೋಡಿದವರಿಗೆ ರೆಕ್ಕೆ ಬಿಚ್ಚಿ ಓಡಿಬರುವ ಹಕ್ಕಿಯೇ ಕಾಣಬೇಕು, ಅಲ್ವಾ? 1935ರಲ್ಲಿ ಕಪ್ಪು-ಹಸಿರು ಬಣ್ಣ ಹೋಗಿ ಬೆಳ್ಳಿ ಬಣ್ಣ ಬಂದ ಮೇಲಂತೂ ಆ ಹೆಸರು ಅಂಟಿಕೊಂಡುಬಿಟ್ಟಿತು.

ಓಡಾಟ ಮತ್ತು ಮಿತಿ

ಹಬೆ ರೈಲಿಗೆ ತಂಡವೇ ಬೇಕಿತ್ತು. ಇದಕ್ಕೆ ಒಬ್ಬನೇ ಸಾಕು. ಡ್ರೈವರೂ ಅವನೇ, ಟಿಕೆಟ್ ಕೊಡುವವನೂ ಅವನೇ, ಟಪಾಲು ಇಳಿಸುವವನೂ ಅವನೇ. ನಮ್ಮ ಹಳ್ಳಿ ಬಸ್ಸುಗಳಲ್ಲಿ ಕಂಡಕ್ಟರ್ ಕೈಲಿ ಪೇಟೆಯಿಂದ ಔಷಧಿ, ಪೇಪರ್, ಸಾಮಾನು ತರಿಸಿಕೊಳ್ಳುತ್ತಿದ್ದೆವಲ್ಲ, ಒಬ್ಬನ ಕೈಯಲ್ಲಿ ಊರೂರಿನ ಕೆಲಸ ನಡೆಯುವ ಅಂಥದ್ದೇ ವ್ಯವಸ್ಥೆ.

ಮಿತಿಗಳನ್ನೂ ಹೇಳಬೇಕು. ಹೆಬ್ಬಾತಿಗೆ ಮುಖ ಒಂದೇ ಕಡೆ. ಹಿಂದೆ ಡಬ್ಬ ಇರುವುದರಿಂದ ಡ್ರೈವರಿಗೆ ಹಿಂದಿನ ದಾರಿ ಕಾಣುವುದಿಲ್ಲ. ಅದಕ್ಕೆ ದಾರಿ ಮುಗಿದ ಕಡೆ ಇಡೀ ಗಾಡಿಯನ್ನು ತಿರುಗಿಸಿ ನಿಲ್ಲಿಸಲೇಬೇಕು. ಭಾರೀ ಹಿಮ ಬಿದ್ದರೆ ಹಬೆ ಎಂಜಿನ್ನೇ ಬರಬೇಕು. ಗೂಡ್ಸ್ ಎಳೆಯುವುದಂತೂ ಇದರ ಕೆಲಸವೇ ಅಲ್ಲ. ಹೀಗಾಗಿ ಹಬೆ ಎಂಜಿನ್‌ಗಳು ಕೊನೆಯ ತನಕ ಉಳಿದವು; ಹೆಬ್ಬಾತು ನಷ್ಟದ ಬಾಬ್ತನ್ನು ಮಾತ್ರ ತನ್ನ ಮೇಲೆ ಎಳೆದುಕೊಂಡಿತು. ಈ ಪ್ರಕರಣವನ್ನು ಹೇಳುವವರು ಎಷ್ಟೋ ಸಲ ‘ಕಾರು ರೈಲನ್ನು ಸೋಲಿಸಿತು’ ಅನ್ನುವ ಹಾಗೆ ಹೇಳುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಗೂಡ್ಸಿಗೆ ಹಬೆ, ಟಪಾಲಿಗೆ ಪೆಟ್ರೋಲು ಅಂತ ಕೆಲಸ ಹಂಚಿದ್ದರಿಂದಲೇ ಎರಡೂ ಉಳಿದವು.

ಇದೇ ಲೆಕ್ಕ ನಮ್ಮಲ್ಲೂ ನಡೆದಿದೆ. ಕಾಲ್ಕಾ–ಶಿಮ್ಲಾ ನ್ಯಾರೋಗೇಜ್ ಲೈನಿನಲ್ಲಿ ಹಳೆಯ ಬಸ್ಸಿನಂತೆ ಕಾಣುವ ರೈಲ್ ಮೋಟರ್ ಕಾರುಗಳಿವೆ. ಶಿವಮೊಗ್ಗ–ತಾಳಗುಪ್ಪ ಲೈನ್ ಬ್ರಾಡ್‌ಗೇಜ್ ಆಗುವ ಮೊದಲು ಅಲ್ಲಿ ಓಡುತ್ತಿದ್ದ ರೈಲ್‌ಬಸ್ಸನ್ನು ಮಲೆನಾಡಿನವರು ಮರೆತಿರಲಿಕ್ಕಿಲ್ಲ. ಬಂಗಾರಪೇಟೆ–ಕೋಲಾರದ ನಡುವೆಯೂ ಒಂದು ರೈಲ್‌ಬಸ್ ಇತ್ತು. ಜನ ಕಡಿಮೆ, ಆದರೆ ಲೈನ್ ಮುಚ್ಚಬಾರದು. ಅದಕ್ಕೆ ಗಾಡಿಯನ್ನೇ ಚಿಕ್ಕದು ಮಾಡು. ರಿಜ್‌ವೇಯವರ ವಿಶೇಷ ಅಂದರೆ ಅದನ್ನು ಕಾರ್ಖಾನೆಗೆ ಆರ್ಡರ್ ಕೊಡದೆ ತಮ್ಮ ಅಂಗಳದಲ್ಲೇ ಮಾಡಿಕೊಂಡದ್ದು.

ಯುದ್ಧ, ಬಸ್ಸಿನ ಬಾಡಿ, ಕೊನೆ

1942ರ ಹೊತ್ತಿಗೆ ಲೈನ್ ಮತ್ತೆ ಮುಚ್ಚುವ ಅಂಚಿಗೆ ಬಂತು. ಆಗ ಸರ್ಕಾರದ ಡಿಫೆನ್ಸ್ ಸಪ್ಲೈಸ್ ಕಾರ್ಪೊರೇಷನ್ ದುಡ್ಡು ಹಾಕಿ, ಗಾಡಿ-ಎಂಜಿನ್‌ಗಳು ಗುಜರಿಗೆ ಹೋಗದಂತೆ ತಡೆಯಿತು. ಕಾರಣ ಆ ಬೆಟ್ಟಗಳ ವನೇಡಿಯಂ ಅದಿರು; ಉಕ್ಕನ್ನು ಗಟ್ಟಿ ಮಾಡಲು ಬೇಕಾದ ಲೋಹ ಅದು. ಅದರ ಜೊತೆಗೇ ಯುರೇನಿಯಂ ಕೂಡ ಸಿಗುತ್ತಿತ್ತು, ಅದು ಹೋದದ್ದು ಅಣುಬಾಂಬಿನ ಮ್ಯಾನ್‌ಹ್ಯಾಟನ್ ಯೋಜನೆಗೆ. ಮೂರು ಅಡಿ ಹಳಿಯ ಈ ಬಡ ಲೈನ್ ಎಂಥ ಸರಕು ಹೊತ್ತಿತು ಅಂತ ನೆನೆದರೆ ಮೈ ಜುಮ್ ಅನ್ನುತ್ತದೆ.

ಯುದ್ಧದ ಕೊನೆಯ ಹೊತ್ತಿಗೆ ಪಿಯರ್ಸ್-ಆರೋ ಬಾಡಿಗಳು ಸವೆದುಹೋಗಿದ್ದವು. 3, 4, 5ನೇ ನಂಬರಿಗೆ ವೇಯ್ನ್ ಕಂಪನಿಯ ಬಸ್ಸಿನ ಬಾಡಿ ಕೂರಿಸಿದರು. ಹೆಚ್ಚು ಜನ ಕೂರುವಂತಾಯಿತು. ಸೈನ್ಯಕ್ಕೆ ಬೇಡವಾಗಿ ಉಳಿದಿದ್ದ ಜಿಎಂಸಿ ಲಾರಿಗಳ ಎಂಜಿನ್ ತಂದು ಹಾಕಿದರು. 4ನೆಯದಕ್ಕೆ ಮಾತ್ರ ಪಿಯರ್ಸ್-ಆರೋದ ಬಾನೆಟ್, ರೇಡಿಯೇಟರ್ ಹಾಗೇ ಬಿಟ್ಟರು. ಹೀಗಾಗಿ ಅದು ಶ್ರೀಮಂತರ ಕಾರಿನ ಮೂಗು, ಬಸ್ಸಿನ ಮೈ, ಗೂಡ್ಸ್ ಡಬ್ಬದ ಬಾಲ ಇರುವ ಪ್ರಾಣಿಯಾಯಿತು.

1950ರಲ್ಲಿ ಟಪಾಲು ಗುತ್ತಿಗೆ ರಸ್ತೆಯ ಪಾಲಾಯಿತು. ಯಾವುದಕ್ಕಾಗಿ ಹೆಬ್ಬಾತು ಹುಟ್ಟಿತ್ತೋ ಅದೇ ಹೋಯಿತು. ಕಂಪನಿ ಆಗಲೂ ಕೈಚೆಲ್ಲಲಿಲ್ಲ. ಹಿಂದಿನ ಸಾಮಾನು ಡಬ್ಬಕ್ಕೆ ದೊಡ್ಡ ಕಿಟಕಿ ಕೊರೆದರು, ಒಳಗೆ ಸೀಟು ಹಾಕಿದರು, ಬಾಗಿಲ ಮೇಲೆ ಓಡುವ ಹೆಬ್ಬಾತಿನ ಚಿತ್ರ ಬರೆಸಿ ಪಕ್ಕದಲ್ಲಿ ‘ಗ್ಯಾಲಪಿಂಗ್ ಗೂಸ್’ ಅಂತ ಬರೆಸಿದರು. ಜನ ಇಟ್ಟ ಅಡ್ಡಹೆಸರು ಆವತ್ತು ಗಾಡಿಯ ಮೈಮೇಲೆ ಬಂತು. ಬೆಟ್ಟ ನೋಡಲು ಪ್ರವಾಸಿಗರು ಬಂದರು. ಆದರೆ ಎರಡು ಬೇಸಿಗೆಯ ಪ್ರವಾಸಿಗರಿಂದ 162 ಮೈಲಿ ಹಳಿಯನ್ನು ಸಾಕಲು ಆಗುವುದಿಲ್ಲ. ಲೈನ್ ಮುಚ್ಚಿತು. ಆಮೇಲೆ ಹಳಿ ಕೀಳುವ ಕೆಲಸಕ್ಕೂ ಹೆಬ್ಬಾತುಗಳನ್ನೇ ಹಚ್ಚಿದರು. ತಾನು ಕಾದುಕೊಂಡು ಬಂದ ಹಳಿಯನ್ನು ಒಂದೊಂದಾಗಿ ಎತ್ತುತ್ತಾ ಹಿಂದೆ ಸರಿಯುವ ಆ ಗಾಡಿಯನ್ನು ನೆನೆಸಿಕೊಂಡಾಗ ಈಗಲೂ ಬೇಜಾರಾಗುತ್ತದೆ.

ಉಳಿಸಿದ್ದು ಯಾವುದನ್ನು?

ಸಂತೋಷದ ಸಂಗತಿ ಏನೆಂದರೆ, 1ನೆಯದು ಬಿಟ್ಟು 2ರಿಂದ 7ರ ತನಕ ಆರೂ ಉಳಿದಿವೆ. ಇಂಥ ಗಾಡಿಗಳಿಗೆ ಇದು ದೊಡ್ಡ ಅದೃಷ್ಟ. 2, 6, 7 ಡೆನ್ವರ್ ಪಕ್ಕದ ಗೋಲ್ಡನ್ ಊರಿನ ಕೊಲರಾಡೊ ರೈಲ್‌ರೋಡ್ ಮ್ಯೂಸಿಯಮ್ಮಿನಲ್ಲಿವೆ. 3ನೆಯದು ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್ ಪಾರ್ಕಿಗೆ ಹೋಯಿತು; ಜನ ಕಡಿಮೆ ಇರುವ ದಿನ ಅಲ್ಲಿನ ಹಬೆ ರೈಲಿನ ಬದಲು ಇದು ಓಡುತ್ತದೆ. ರಿಜ್‌ವೇಯ ಹಳೇ ಲೆಕ್ಕ ಅಲ್ಲೂ ನಡೆಯುತ್ತಿದೆ ನೋಡಿ! 4ನೆಯದು ದಶಕಗಟ್ಟಲೆ ಟೆಲ್ಯುರೈಡ್ ಊರಿನ ಕೋರ್ಟಿನ ಪಕ್ಕ ನಿಂತಿತ್ತು. ಆಮೇಲೆ ರಿಜ್‌ವೇ ಮ್ಯೂಸಿಯಮ್ಮಿನವರು ಅದನ್ನು ದುರಸ್ತಿಗೆ ತೆಗೆದುಕೊಂಡರು. ಕಳೆದುಹೋದ 1ನೇ ನಂಬರಿನ ಪ್ರತಿಕೃತಿಯೊಂದನ್ನೂ ಅವರೇ ಕಟ್ಟಿದ್ದಾರೆ.

ಇನ್ನು 5ನೆಯದು. ಡೊಲೊರೆಸ್ ಅನ್ನೋ ಊರಿನ ಪಾರ್ಕಿನಲ್ಲಿ ಮಳೆ-ಹಿಮ ತಿನ್ನುತ್ತಾ ನಿಂತಿತ್ತು. 1987ರಲ್ಲಿ ಊರಿನವರು ಇದಕ್ಕಾಗಿ ಗ್ಯಾಲಪಿಂಗ್ ಗೂಸ್ ಹಿಸ್ಟಾರಿಕಲ್ ಸೊಸೈಟಿ ಕಟ್ಟಿಕೊಂಡರು. 1998ರಲ್ಲಿ ಅದು ಮತ್ತೆ ಓಡಿತು.

ಇಂಥ ಗಾಡಿ ದುರಸ್ತಿ ಮಾಡುವವರನ್ನು ಕಾಡುವ ಪ್ರಶ್ನೆ ಒಂದಿದೆ: ಯಾವ ಕಾಲದ ರೂಪಕ್ಕೆ ತರಬೇಕು? ಹುಟ್ಟಿದಾಗಿನ ಪಿಯರ್ಸ್-ಆರೋ ರೂಪಕ್ಕಾ? ಬಸ್ಸಿನ ಬಾಡಿ ಬಂದು ಟಪಾಲು ಹೊರುತ್ತಿದ್ದ ರೂಪಕ್ಕಾ? ಕಿಟಕಿ ಕೊರೆದ 1950ರ ಪ್ರವಾಸಿ ರೂಪಕ್ಕಾ? ಹಬೆ ಎಂಜಿನ್ ಆದರೆ ಕಾರ್ಖಾನೆಯ ನಕ್ಷೆ ಇರುತ್ತದೆ, ಅದನ್ನು ಎದುರಿಗಿಟ್ಟುಕೊಂಡು ಕೆಲಸ ಮಾಡಬಹುದು. ಹೆಬ್ಬಾತನ್ನು ಕಟ್ಟಿದವರೇ ವರ್ಷವರ್ಷಕ್ಕೆ ಬದಲಾಯಿಸುತ್ತಾ ಹೋದರು. ಬಸ್ಸಿನ ಬಾಡಿ ಕಿತ್ತು ಹಾಕಿ ಹಳೇ ಕಾರಿನ ಬಾಡಿ ಹೊಸದಾಗಿ ಮಾಡಿಸಿದರೆ ನೋಡಲು ಚೆಂದ ಇರಬಹುದು. ಆದರೆ ಓಡನ್‌ಬಾ ನಂತರದ ಕೈಗಳ ಕೆಲಸವೆಲ್ಲ ಅಳಿಸಿಹೋಗುತ್ತದೆ. 5ನೆಯದನ್ನು ಬಸ್ಸಿನ ಬಾಡಿಯಲ್ಲೇ ಉಳಿಸಿಕೊಂಡದ್ದು ಸರಿಯಾದ ತೀರ್ಮಾನ ಅಂತ ನಾನು ನಂಬುತ್ತೇನೆ. ಬಸ್ಸಿನ ಬಾಡಿ ಕಾಣದ 7ನೆಯದು ಗೋಲ್ಡನ್‌ನಲ್ಲಿ ಇರುವುದರಿಂದ ಹಳೇ ರೂಪದ ಸಾಕ್ಷಿಯೂ ಕಳೆದುಹೋಗಿಲ್ಲ. ಒಂದು ಗಾಡಿಯಿಂದ ಪೂರ್ತಿ ಕಥೆ ಹೇಳಿಸುವ ಹಟ ಬಿಟ್ಟು ಆರನ್ನೂ ಒಟ್ಟಿಗೆ ಇಟ್ಟು ನೋಡಿದರೆ 1931ರಿಂದ 1951ರ ತನಕ ಏನೇನಾಯಿತು ಅನ್ನುವುದು ಕಣ್ಣಿಗೆ ಕಟ್ಟುತ್ತದೆ.

ಓಡಿಸಬೇಕೋ, ಗಾಜಿನ ಹಿಂದೆ ಇಡಬೇಕೋ ಅನ್ನೋ ವಾದವೂ ಇದೆ. ಓಡಿಸಿದರೆ ಭಾಗ ಸವೆಯುತ್ತದೆ, ಬದಲಾಯಿಸಬೇಕಾಗುತ್ತದೆ, ಅಸಲಿ ಭಾಗ ಕಡಿಮೆಯಾಗುತ್ತಾ ಬರುತ್ತದೆ. ನಿಜ. ಆದರೆ ಆ ಓಲಾಟ, ಗೇರ್ ಬದಲಾಯಿಸುವ ಸದ್ದು, ಬಾತಿನಂಥ ಹಾರ್ನ್ ಗಾಜಿನ ಹಿಂದೆ ಇರುವುದಿಲ್ಲ. ಈ ಗಾಡಿಗೆ ಹೆಸರು ಬಂದದ್ದೇ ಅದು ಓಡುವ ರೀತಿಯಿಂದ.

ಡೊಲೊರೆಸ್‌ನವರು ತಮ್ಮ 5ನೇ ನಂಬರನ್ನು ಈಗಲೂ ಓಡಿಸುತ್ತಾರೆ. ಆದರೆ ಊರಿನಲ್ಲಿ ಉಳಿದಿರುವ ಹಳಿ ಗಾಡಿ ನಿಲ್ಲುವಷ್ಟೇ ಉದ್ದದ ತುಂಡು. ಅದಕ್ಕೆ ಹೆಬ್ಬಾತನ್ನು ದೊಡ್ಡ ಟ್ರಕ್ಕಿನ ಬೆನ್ನಿಗೆ ಹತ್ತಿಸಿ ಬಿಗಿಯಾಗಿ ಕಟ್ಟುತ್ತಾರೆ. ಕುಂಬ್ರೆಸ್ ಅಂಡ್ ಟೋಲ್ಟೆಕ್ ಅಥವಾ ಡುರಾಂಗೊ ಅಂಡ್ ಸಿಲ್ವರ್ಟನ್ ಲೈನಿಗೆ ರಸ್ತೆಯಲ್ಲಿ ಒಯ್ಯುತ್ತಾರೆ. ಅಲ್ಲಿ ಮೂರು ಅಡಿ ಹಳಿ ಇನ್ನೂ ಇದೆ. ಟ್ರಕ್ಕಿನಿಂದ ನಿಧಾನ ಇಳಿಸಿ, ಚಕ್ರ ಹಳಿಗೆ ಕೂತಿದೆಯಾ ಅಂತ ಬಗ್ಗಿ ನೋಡಿ, ಎಂಜಿನ್ ಚಾಲೂ ಮಾಡುತ್ತಾರೆ. ಜನ ಹತ್ತಿ ಕೂರುತ್ತಾರೆ, ಕೆಲವರು ಬಸ್ಸಿನ ಭಾಗದಲ್ಲಿ, ಕೆಲವರು ಹಿಂದೆ, ಒಂದು ಕಾಲದಲ್ಲಿ ಟಪಾಲು ಚೀಲ ಇರುತ್ತಿದ್ದ ಜಾಗದಲ್ಲಿ.